ನಾಯಿಮರಿಗೆ ರಾತ್ರಿ ವೇಳೆಯ ಶೌಚ ಅಭ್ಯಾಸ: ಸಾಕುವವರಿಗೆ ಮಾಹಿತಿ

ಚನ್ನರಾಯಪಟ್ಟಣ ಪಟ್ಟಣ ಹಾಗೂ ತಾಲ್ಲೂಕಿನ ಗ್ರಾಮಗಳಲ್ಲಿ ಹೊಸದಾಗಿ ನಾಯಿಮರಿ ಸಾಕುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಾತ್ರಿ ಮನೆಯೊಳಗೆ ಮಲಮೂತ್ರ ಮಾಡುತ್ತದೆ ಎಂಬ ಕಾರಣಕ್ಕೆ ಮರಿಯನ್ನು ಹೊಡೆಯುವುದು ಅಥವಾ ಬೀದಿಗೆ ಬಿಡುವುದು ಸರಿಯಲ್ಲ. ಎರಡು ತಿಂಗಳ ಮರಿಗೆ ಇಡೀ ರಾತ್ರಿ ಮೂತ್ರ ತಡೆಯುವ ಶಕ್ತಿ ಇರುವುದಿಲ್ಲ. ಸಾಮಾನ್ಯವಾಗಿ 4 ರಿಂದ 6 ತಿಂಗಳ ವಯಸ್ಸಿಗೆ ಈ ಶಕ್ತಿ ಬರುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ರಾತ್ರಿಯ ಆಹಾರವನ್ನು ಮಲಗುವ ಸುಮಾರು 3 ಗಂಟೆ ಮೊದಲು ನೀಡತಕ್ಕದ್ದು. ಹಗಲಿನಲ್ಲಿ ಕುಡಿಯುವ ನೀರಿಗೆ ಕೊರತೆ ಮಾಡಬಾರದು.

2. ಮಲಗಿಸುವ ಮುನ್ನ ಪ್ರತಿದಿನವೂ ಒಂದೇ ಸ್ಥಳಕ್ಕೆ ಕರೆದೊಯ್ಯಬೇಕು.

3. ಮಲಗುವ ಪೆಟ್ಟಿಗೆಯು ಮರಿ ತಿರುಗಿ ಮಲಗುವಷ್ಟು ಮಾತ್ರ ಇರಲಿ. ಅದು ಮನೆಯವರ ಸಮೀಪದಲ್ಲಿರಲಿ. ನಾಯಿಯು ತಾನು ಮಲಗುವ ಜಾಗವನ್ನು ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ.

4. ಎರಡು ತಿಂಗಳ ಮರಿಯನ್ನು ಸುಮಾರು 3 ಗಂಟೆಗೊಮ್ಮೆ, ಮೂರು ತಿಂಗಳ ಮರಿಯನ್ನು 4 ಗಂಟೆಗೊಮ್ಮೆ ಹೊರಗೆ ಒಯ್ಯಬೇಕು. ಉದಾಹರಣೆಗೆ, ರಾತ್ರಿ 10ಕ್ಕೆ ಮಲಗಿದ ಎರಡು ತಿಂಗಳ ಮರಿಯನ್ನು 1 ಮತ್ತು 4 ಗಂಟೆಗೆ ಎಬ್ಬಿಸುವುದು. ಒಂದು ವಾರ ಹಾಸಿಗೆ ಒದ್ದೆಯಾಗದಿದ್ದಲ್ಲಿ ಅಂತರವನ್ನು ಅರ್ಧ ಗಂಟೆಯಂತೆ ಹೆಚ್ಚಿಸಬಹುದು.

5. ರಾತ್ರಿ ಆಟವಾಡಿಸಬಾರದು. ಶೌಚ ಮುಗಿದ ಕೂಡಲೇ ಮೆಚ್ಚುಗೆ ತೋರಿ ಮರಳಿ ಮಲಗಿಸಬೇಕು.

6. ಒಳಗೆ ಗಲೀಜಾದಲ್ಲಿ ಸೋಪಿನ ನೀರು, ನಂತರ ನೀರು ಬೆರೆಸಿದ ವಿನೆಗರ್‌ನಿಂದ ಒರೆಸಬೇಕು. ವಾಸನೆ ಉಳಿದರೆ ಮರಿ ಅಲ್ಲಿಗೇ ಮರಳುತ್ತದೆ. ತಡವಾಗಿ ಶಿಕ್ಷಿಸಿದರೆ ಕಾರಣ ಅದಕ್ಕೆ ತಿಳಿಯದು. ಅವಿತು ಶೌಚ ಮಾಡುವುದನ್ನಷ್ಟೇ ಕಲಿಯುತ್ತದೆ.

ಎಚ್ಚರಿಕೆಗಳು

ಲಸಿಕೆ ಪೂರ್ಣಗೊಳ್ಳದ ಮರಿಯನ್ನು ಬೀದಿಗೆ ಒಯ್ಯದೆ ಸ್ವಂತ ಅಂಗಳದಲ್ಲಿಯೇ ಶೌಚಕ್ಕೆ ಬಿಡಬೇಕು. ಇತರ ನಾಯಿಗಳ ಮಲದಿಂದ ಹರಡುವ ಪಾರ್ವೋ ರೋಗವು ಮರಿಗಳಿಗೆ ಮಾರಕವಾಗಿದೆ. ವಾಂತಿ ಮತ್ತು ರಕ್ತಭೇದಿ ಕಂಡುಬಂದಲ್ಲಿ ಅದನ್ನು ಅಭ್ಯಾಸದ ದೋಷವೆಂದು ಭಾವಿಸದೆ ತಕ್ಷಣ ಚಿಕಿತ್ಸೆ ಕೊಡಿಸಬೇಕು.

ಹಾಸನ ಜಿಲ್ಲೆಯ ಗ್ರಾಮಾಂತರ ಭಾಗದಲ್ಲಿ ಚಿರತೆಗಳು ನಾಯಿಗಳನ್ನು ಅರಸಿ ಜನವಸತಿಯ ಬಳಿ ಬರುವುದುಂಟು. ಆದ್ದರಿಂದ ರಾತ್ರಿ ಮರಿಯನ್ನು ಒಂಟಿಯಾಗಿ ಬಿಡದೆ, ಬೆಳಕಿನೊಂದಿಗೆ, ಹಗ್ಗ ಹಿಡಿದು ಕರೆದೊಯ್ಯತಕ್ಕದ್ದು.

ನಾಯಿಯ ಮಲವು ದನಗಳ ಮೇವು ಅಥವಾ ನೀರಿಗೆ ಸೇರಬಾರದು. ಅದರಲ್ಲಿರಬಹುದಾದ ನಿಯೋಸ್ಪೊರಾ ಪರಾವಲಂಬಿಯಿಂದ ಹಸುಗಳು ಕಂದು ಹಾಕುವ ಸಂಭವವಿದೆ. ದುಂಡುಹುಳುವಿನ ಮೊಟ್ಟೆಗಳು ಮಕ್ಕಳಿಗೂ ಹಾನಿಕರವಾದ್ದರಿಂದ ಮಲವನ್ನು ಪ್ರತಿದಿನ ತೆಗೆದು ಹೂಳಬೇಕು.

ಸೇವೆ ಪಡೆಯುವ ಬಗ್ಗೆ

ಜಂತುನಾಶಕ ಔಷಧಿ ಹಾಗೂ ಲಸಿಕೆಗಾಗಿ ಮರಿಯನ್ನು 6 ರಿಂದ 8 ವಾರಗಳ ವಯಸ್ಸಿನಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ಕರೆತರುವುದು. ರೇಬೀಸ್ ಲಸಿಕೆಯನ್ನು 3 ತಿಂಗಳು ತುಂಬಿದಾಗ ಹಾಕಿಸಿ, ನಂತರ ವೈದ್ಯರು ಸೂಚಿಸಿದ ಅವಧಿಗೆ ಪುನರಾವರ್ತಿಸತಕ್ಕದ್ದು. ಲಸಿಕೆ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮರಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು 15 ನಿಮಿಷ ಸೋಪು ಮತ್ತು ನೀರಿನಿಂದ ತೊಳೆದು, ವಿಳಂಬವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು.