ಕಂಪನಿ ಹೋಯಿತು, ಕಾರು ಉಳಿಯಿತು

2023ರ ಅಕ್ಟೋಬರ್ 30ರಂದು ಮುಂಬೈಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಅಧಿಕೃತವಾಗಿ ನಿವೃತ್ತವಾಯಿತು. ಅದು ತಾರ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇದೆ, ಆ ಮಿತಿ ಮುಗಿದಿತ್ತು. ಎಂಜಿನ್ ಇನ್ನೂ ಓಡುತ್ತಿತ್ತೇ ಎಂಬ ಪ್ರಶ್ನೆ ಅಲ್ಲಿ ಬರಲೇ ಇಲ್ಲ.

ಪದ್ಮಿನಿಗೆ ಪತ್ರಿಕೆಗಳು ಪುಟಗಟ್ಟಲೆ ವಿದಾಯ ಬರೆದವು. ಅದೇ ಕುರ್ಲಾದ ಕಾರ್ಖಾನೆಯಿಂದ ಬಂದ, ಅದೇ ಫಿಯೆಟ್ ಮನೆತನದ ಇನ್ನೊಂದು ಕಾರಿಗೆ ಅಂಥ ಭಾಗ್ಯ ಸಿಗಲಿಲ್ಲ. ಅದು ಫಿಯೆಟ್ ಪಾಲಿಯೋ, ಅದರಲ್ಲೂ 1.6 ಜಿಟಿಎಕ್ಸ್. ಅವು ಇನ್ನೂ ಪೂರ್ತಿ ಹೋಗಿಲ್ಲ. ಮುಂಬೈ, ಪುಣೆ, ಬೆಂಗಳೂರು, ಚೆನ್ನೈಗಳಲ್ಲಿ ಅಲ್ಲೊಂದು ಇಲ್ಲೊಂದು ಓಡುತ್ತಿವೆ. ಕಾರಿನ ಚರಿತ್ರೆ ಎಂದರೆ ಬಿಡುಗಡೆಯಾದ ವರ್ಷ, ಮಾರಾಟವಾದ ಸಂಖ್ಯೆ, ಉತ್ಪಾದನೆ ನಿಂತ ವರ್ಷ ಎಂದು ನಾವು ಓದುತ್ತೇವೆ. ಆದರೆ ತಯಾರಿಸಿದ ಕಂಪನಿ ಎದ್ದು ಹೋದ ಮೇಲೂ ಕಾರಿಗೊಂದು ಎರಡನೆಯ ಆಯುಸ್ಸು ಇರುತ್ತದೆ. ಈ ಬರಹ ಹೆಚ್ಚಾಗಿ ಅದರ ಬಗ್ಗೆ.

ಕಥೆಯ ಬೇರು ನಮ್ಮವರಿಗೆ ಪರಿಚಿತವಾದ ಹೆಸರೊಂದನ್ನು ಮುಟ್ಟುತ್ತದೆ. 1930ರ ದಶಕದ ನಡುವೆ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕಗಳನ್ನು ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧಪಡಿಸಿದರು. ಅದರಲ್ಲಿ ಅವರ ಜೊತೆ ನಿಂತವರು ಮುಂಬೈಯ ಉದ್ಯಮಿ ವಾಲಚಂದ್ ಹೀರಾಚಂದ್. ಬ್ರಿಟಿಷ್ ಸರಕಾರದ ಬೆಂಬಲ ಸಿಗದೆ ಆ ಯೋಜನೆ ಅಂದುಕೊಂಡಂತೆ ನೆರವೇರಲಿಲ್ಲ. ವಾಲಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು, ಅದೇ ಇಂದಿನ ಎಚ್‌ಎಎಲ್. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದಲ್ಲಿ ಮೊದಲು ಅಮೆರಿಕದ ಡಾಜ್, ಪ್ಲಿಮತ್‌ಗಳ ಜೋಡಣೆ ನಡೆಯಿತು, 1950ರ ದಶಕದಲ್ಲಿ ಇಟಲಿಯ ಫಿಯೆಟ್ ಬಂತು. ಫಿಯೆಟ್ 1100 ಮುಂದೆ ಪದ್ಮಿನಿಯಾಗಿ, ಅರ್ಧ ಶತಮಾನದ ಉದ್ದಕ್ಕೂ ಮುಂಬೈಯ ಬೀದಿಯ ಗುರುತಾಯಿತು. 1990ರ ದಶಕದ ಕೊನೆಗೆ ಕುರ್ಲಾದ ಕಾರು ತಯಾರಿಕೆ ಫಿಯೆಟ್ ಕೈಗೆ ಹೋಯಿತು.

ಪಾಲಿಯೋ ಹುಟ್ಟಿದ್ದು ಬ್ರೆಜಿಲ್‌ನ ಬೆಟಿಂ ಎಂಬ ಊರಿನಲ್ಲಿ, 1996ರಲ್ಲಿ. ಕೆಟ್ಟ ರಸ್ತೆ ಮತ್ತು ಬಿಸಿಲಿನ ದೇಶಗಳಿಗೆ ಒಂದೇ ಅಚ್ಚಿನ ಕಾರು ಬೇಕೆಂದು ಫಿಯೆಟ್ ರೂಪಿಸಿದ ಯೋಜನೆ ಅದು. ಅರ್ಜೆಂಟಿನಾ, ಟರ್ಕಿ, ದಕ್ಷಿಣ ಆಫ್ರಿಕಾಗಳಲ್ಲೂ ಅದು ತಯಾರಾಯಿತು. ಇಟಲಿಯ ಸಿಯೆನಾ ನಗರದ ಕುದುರೆ ಪಂದ್ಯದ ಹೆಸರೇ ಪಾಲಿಯೋ, ಅದರ ಡಿಕ್ಕಿ ಇರುವ ರೂಪಕ್ಕೆ ಸಿಯೆನಾ ಎಂದೇ ಹೆಸರು. 2001ರಲ್ಲಿ ಪಾಲಿಯೋ ಭಾರತಕ್ಕೆ ಬಂದಾಗ ಅದರ ಪ್ರಚಾರಕ್ಕೆ ನಿಂತವರು ಸಚಿನ್ ತೆಂಡೂಲ್ಕರ್. ಅವರ ಸಹಿ ಹೊತ್ತ ಎಸ್10 ಎಂಬ ಸೀಮಿತ ಆವೃತ್ತಿಯೂ ಬಂತು.

ಹೆಚ್ಚಿನವರು ಕೊಂಡದ್ದು 1.2 ಲೀಟರಿನ ಪಾಲಿಯೋ. 1.6 ಜಿಟಿಎಕ್ಸ್ ಬೇರೆಯದೇ ಪ್ರಾಣಿ. 1596 ಸಿಸಿ, 16 ವಾಲ್ವ್, ಸುಮಾರು 100 ಅಶ್ವಶಕ್ತಿ. ಆ ದಿನಗಳ ಮಾರುತಿ 800ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ, ಅದೂ ಪಾರ್ಕಿಂಗ್‌ನಲ್ಲಿ ಸುಲಭವಾಗಿ ತೂರುವ ಪುಟ್ಟ ಕಾರಿನಲ್ಲಿ. ಗಟ್ಟಿ ತಗಡು, ಭಾರವಾದ ಬಾಗಿಲು, ಹೆದ್ದಾರಿಯಲ್ಲಿ ನೆಲಕ್ಕೆ ಅಂಟಿಕೊಂಡಂತೆ ಓಟ. ಸಾಫ್ಟ್‌ವೇರ್ ಸಂಬಳ ಆಗತಾನೇ ಕೈಗೆ ಬರುತ್ತಿದ್ದ ತಲೆಮಾರಿಗೆ, ಮನೆಯವರೆಲ್ಲ ಕೂರಬಹುದಾದ ಕಾರೇ ಓಡಿಸುವ ಖುಷಿಯನ್ನೂ ಕೊಡಬಲ್ಲದು ಎಂದು ತೋರಿಸಿದ ಕೆಲವೇ ಕಾರುಗಳಲ್ಲಿ ಇದೂ ಒಂದು.

ಹಾಗಿದ್ದರೂ ಅದು ಸೋತಿತು. ‘ಎಷ್ಟು ಕೊಡುತ್ತೆ?’ ಎಂಬ ನಮ್ಮ ದೇಶದ ಮೊದಲ ಪ್ರಶ್ನೆಗೆ ಜಿಟಿಎಕ್ಸ್ ಬಳಿ ಒಳ್ಳೆಯ ಉತ್ತರ ಇರಲಿಲ್ಲ, ನಗರದ ಸಂದಣಿಯಲ್ಲಿ ಅದು ಪೆಟ್ರೋಲ್ ಕುಡಿಯುತ್ತಿತ್ತು. ಸರ್ವಿಸ್ ಜಾಲವೂ ಮಾರುತಿಯಷ್ಟು ಹರಡಿರಲಿಲ್ಲ. 2005ರಲ್ಲಿ ಸ್ವಿಫ್ಟ್ ಬಂದ ಮೇಲೆ, ಓಡಿಸುವ ಖುಷಿ ಬೇಕೆನ್ನುವವರಿಗೂ ಹತ್ತಿರದ ಊರಿನಲ್ಲೇ ಸರ್ವಿಸ್ ಇರುವ ಕಾರು ಸಿಕ್ಕಿತು. ಫಿಯೆಟ್ ಟಾಟಾ ಜೊತೆ ಕೈಜೋಡಿಸಿತು, ತಯಾರಿಕೆ ಕುರ್ಲಾದಿಂದ ಪುಣೆ ಸಮೀಪದ ರಂಜನ್‌ಗಾಂವ್‌ಗೆ ಹೋಯಿತು. ಪಾಲಿಯೋ ನಿಂತು ಪುಂಟೊ, ಲೀನಿಯಾ ಬಂದವು. 2019ರ ಹೊತ್ತಿಗೆ ಅವೂ ಮುಗಿದವು. ಇಂದು ರಂಜನ್‌ಗಾಂವ್‌ನಿಂದ ಹೊರಬರುವುದು ಜೀಪ್. ಬ್ರೆಜಿಲ್‌ನಲ್ಲಿ ಮಾತ್ರ ಪಾಲಿಯೋ 2014ರಲ್ಲಿ ಫೋಕ್ಸ್‌ವ್ಯಾಗನ್ ಗೋಲ್‌ನ 27 ವರ್ಷಗಳ ಆಳ್ವಿಕೆ ಮುರಿದು ದೇಶದ ಅತಿ ಹೆಚ್ಚು ಮಾರಾಟವಾದ ಕಾರಾಯಿತು. ಅಲ್ಲಿ ಗೆದ್ದ ಹೆಸರೇ ಇಲ್ಲಿ ಸೋತಿತು.

ಕಂಪನಿ ಅಂಗಡಿ ಮುಚ್ಚಿದ ದಿನದಿಂದ ಕಾರಿನ ಎರಡನೆಯ ಆಯುಸ್ಸು ಶುರು. ನಾನು ಪುಣೆಯಲ್ಲಿದ್ದೇನೆ, ನನ್ನ ಬಳಿ ಇರುವುದು ಬೆಂಗಳೂರಿನಲ್ಲಿ 2003ರಲ್ಲಿ ನೋಂದಣಿಯಾದ ಒಂದು 1.6. ಇಂಥ ಕಾರು ಇಟ್ಟುಕೊಂಡವರಿಗೆ ಮೊದಲು ಅರ್ಥವಾಗುವುದೇನೆಂದರೆ, ಕಬ್ಬಿಣಕ್ಕಿಂತ ಮೊದಲು ಸೋಲುವುದು ರಬ್ಬರ್. ಎಂಜಿನ್ ಮೌಂಟ್, ಸಸ್ಪೆನ್ಷನ್ ಬುಶ್, ಕೂಲಂಟ್ ಹೋಸ್, ಬಾಗಿಲಿನ ಬೀಡಿಂಗ್ ಇವೆಲ್ಲ ಓಡಿದ ಕಿಲೋಮೀಟರ್ ನೋಡುವುದಿಲ್ಲ, ವರ್ಷ ಎಣಿಸುತ್ತವೆ. ಶೆಡ್ಡಿನಲ್ಲಿ ಮುಚ್ಚಿಟ್ಟರೂ ಒಣಗಿ ಬಿರಿಯುತ್ತವೆ. ಎರಡನೆಯದು ಟೈಮಿಂಗ್ ಬೆಲ್ಟ್. ಎಂಜಿನ್‌ನ ಕೆಳಗಿನ ಕ್ರ್ಯಾಂಕ್ ಮತ್ತು ಮೇಲಿನ ವಾಲ್ವ್‌ಗಳನ್ನು ಒಂದೇ ತಾಳದಲ್ಲಿ ಇಡುವ ಪಟ್ಟಿ ಅದು. ಓಡುವಾಗ ಹರಿದರೆ ಪಿಸ್ಟನ್ ವಾಲ್ವ್‌ಗೆ ಬಡಿದು, ಕೆಲವು ಸಾವಿರದ ಕೆಲಸ ಇಡೀ ಎಂಜಿನ್ ಬಿಚ್ಚುವ ಕೆಲಸವಾಗಬಹುದು. ಬೆಲ್ಟ್ ಜೊತೆ ಟೆನ್ಷನರ್, ವಾಟರ್ ಪಂಪ್ ಕೂಡ ಬದಲಿಸಿಬಿಡಿ ಎಂದು ತಿಳಿದವರು ಹೇಳುವುದು ಅದಕ್ಕೇ. ಮೂರನೆಯದು ಬಿಸಿ. ರೇಡಿಯೇಟರ್ ಕಟ್ಟಿಕೊಂಡರೆ, ಫ್ಯಾನ್ ಕೈಕೊಟ್ಟರೆ, ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಏರುತ್ತದೆ. ಹಳೆಯ ಕಾರಿನವನ ಒಂದು ಕಣ್ಣು ಯಾವಾಗಲೂ ಆ ಮುಳ್ಳಿನ ಮೇಲೆ.

ಬಿಡಿಭಾಗ ಎಲ್ಲಿಂದ? ಇಲ್ಲೊಂದು ವಿಚಿತ್ರವಿದೆ. ಕೊನೆಕೊನೆಯ ಪಾಲಿಯೋಗಳಿಗೆ ಬಂದ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ನೇ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾಗಳಲ್ಲೂ ಇತ್ತು. ಹಾಗಾಗಿ ಅದಕ್ಕೆ ಸಾಮಾನು ತಾಲ್ಲೂಕು ಕೇಂದ್ರದಲ್ಲೂ ಸಿಕ್ಕೀತು. ಎಲ್ಲರೂ ಮೆಚ್ಚಿದ 1.6 ಪೆಟ್ರೋಲ್‌ಗೆ ಅಂಥ ನೆಂಟರಿಷ್ಟರಿಲ್ಲ. ಅದರ ಮಾಲೀಕರು ಗುಜರಿ ಹುಡುಕಬೇಕು: ಕುರ್ಲಾದ ಸಿಎಸ್‌ಟಿ ರಸ್ತೆ, ದೆಹಲಿಯ ಮಾಯಾಪುರಿ, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಶಿವಾಜಿನಗರ. ಸತ್ತ ಸಿಯೆನಾ, ಪೆಟ್ರಾಗಳ ಅಂಗಾಂಗದಿಂದ ಬದುಕಿರುವ ಪಾಲಿಯೋ ಓಡುತ್ತದೆ. ಇದೆಲ್ಲಕ್ಕಿಂತ ಅಪರೂಪದ ಬಿಡಿಭಾಗ ಎಂದರೆ ಮೆಕ್ಯಾನಿಕ್. ಲ್ಯಾಪ್‌ಟಾಪ್ ಜೋಡಿಸದೆ, ಶಬ್ದ ಕೇಳಿಯೇ ಯಾವ ಮೌಂಟ್ ಹೋಗಿದೆ ಎಂದು ಹೇಳುವವರಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಕಾರಿನ ಕೈಪಿಡಿ ಎಲ್ಲಾದರೂ ಸಿಗುತ್ತದೆ, ಆ ಕಿವಿ ಸಿಗುವುದಿಲ್ಲ.

ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ಕಾನೂನಿನ ಲೆಕ್ಕ ಬೇರೆ. ಕೆಎ ಸಂಖ್ಯೆಯ ಕಾರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು: ಎನ್‌ಒಸಿ, ಹೊಸ ರಾಜ್ಯದ ತೆರಿಗೆ, ಹಳೆಯ ರಾಜ್ಯದಿಂದ ತೆರಿಗೆ ವಾಪಸಿಗೆ ಅರ್ಜಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ನನ್ನ ಕಾರಿನ ಮುಂದಿನ ನವೀಕರಣ 2028ರಲ್ಲಿ. ಮಾರುಕಟ್ಟೆಯಲ್ಲಿ ಅದಕ್ಕೆ ಬರುವ ಬೆಲೆಯನ್ನು ಆ ಶುಲ್ಕದ ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ.

ದೆಹಲಿಯಲ್ಲಿರುವ ಗೆಳೆಯರಿಗೆ ಈ ಆಯ್ಕೆಯೂ ಕಷ್ಟ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ವಾಹನ ಓಡಿಸಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಇಂಥ ವಾಹನಗಳಿಗೆ ಬಂಕಿನಲ್ಲಿ ಇಂಧನವೇ ಇಲ್ಲ ಎಂಬ ನಿಯಮ ಬಂತು, ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಕೋರ್ಟ್ ಬಲವಂತದ ಕ್ರಮ ಬೇಡ ಎಂದಿತು, ವರ್ಷದ ಕೊನೆಗೆ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ವಾಹನಗಳಿಗೆ ಸೀಮಿತಗೊಳಿಸಿತು. ಇದರ ಜೊತೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದನ್ನು ಗಮನದಲ್ಲಿಟ್ಟು ಮಾಡದ ಹಳೆಯ ಕಾರುಗಳ ಇಂಧನ ಹೋಸ್, ಸೀಲ್‌ಗಳನ್ನು ಬೇಗ ಬದಲಿಸಬೇಕಾಗುತ್ತದೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಮೈಲೇಜೂ ಇಳಿಯುತ್ತದೆ.

ಕಾನೂನಿನ ವಾದ ಸುಳ್ಳಲ್ಲ. 2001ರ ಕಾರಿನ ಹೊಗೆಗೂ 2020ರ ಬಿಎಸ್-6 ಕಾರಿನ ಹೊಗೆಗೂ ಅಜಗಜಾಂತರ. ದೆಹಲಿಯ ಚಳಿಗಾಲದಲ್ಲಿ ಮಗುವಿಗೆ ನೆಬ್ಯುಲೈಸರ್ ಹಿಡಿದು ಕೂತ ತಾಯಿಯ ಮುಂದೆ ಹಳೆಯ ಕಾರಿನ ಮೋಹದ ಬಗ್ಗೆ ಭಾಷಣ ಮಾಡುವಂತಿಲ್ಲ. ಆದರೆ ಹುಟ್ಟಿದ ದಿನಾಂಕ ಮಾತ್ರ ನೋಡುವ ಅಳತೆ, ವರ್ಷಕ್ಕೆ 2,000 ಕಿ.ಮೀ. ಓಡುವ, ಹೊಗೆ ಪರೀಕ್ಷೆಯಲ್ಲಿ ಪಾಸಾಗುವ ಕಾರನ್ನೂ ದಿನಕ್ಕೆ 200 ಕಿ.ಮೀ. ಓಡಿ ಕಪ್ಪು ಉಗುಳುವ ಗಾಡಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಹೊಸ ಕಾರು ತಯಾರಾಗುವಾಗ ಸುಡುವ ಕಲ್ಲಿದ್ದಲು ಆ ತಕ್ಕಡಿಯಲ್ಲಿ ಕಾಣುವುದೇ ಇಲ್ಲ. ವಯಸ್ಸಿನ ಬದಲು ಹೊಗೆಯನ್ನೇ ಪ್ರಾಮಾಣಿಕವಾಗಿ ಅಳೆದರೆ, ಫೇಲಾದ ದಿನ ಕಾರನ್ನು ಗುಜರಿಗೆ ಕೊಡಲು ನನ್ನ ತಕರಾರಿಲ್ಲ.

ಕಾರು ಇಟ್ಟುಕೊಳ್ಳುವುದು ದುಡ್ಡಿನ ಲೆಕ್ಕದಲ್ಲಿ ಎಂದೂ ಗೆಲ್ಲುವ ಆಟವಲ್ಲ. ನಿಮ್ಮಲ್ಲಿ ಯಾರಾದರೂ ಹಳೆಯ ಜಿಟಿಎಕ್ಸ್ ಕೊಳ್ಳುವ ಯೋಚನೆಯಲ್ಲಿದ್ದರೆ ಬಣ್ಣ ನೋಡಬೇಡಿ, ಬಿಲ್ಲುಗಳನ್ನು ಕೇಳಿ. ಬೆಲ್ಟ್ ಯಾವಾಗ ಬದಲಾಯಿತು, ಕೂಲಂಟ್ ಯಾವಾಗ ತುಂಬಿದರು, ಆರ್‌ಸಿಯಲ್ಲಿ ಎಷ್ಟು ವರ್ಷ ಬಾಕಿ ಇದೆ ಎಂದು ನೋಡಿ. ಆಮೇಲೆ ನಿಮ್ಮ ಊರಿನಲ್ಲಿ ಅದನ್ನು ಬಲ್ಲ ಮೆಕ್ಯಾನಿಕ್ ಇದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಕೊಳ್ಳಬೇಡಿ.

ಇದ್ದರೆ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬದಲಿಸಿದ ಪ್ರತಿ ಹೋಸ್, ಸಿಕ್ಕ ಅಂಗಡಿ, ಕೊಟ್ಟ ಬೆಲೆ, ಮೆಕ್ಯಾನಿಕ್ ಹೇಳಿದ ಮಾತು ಎಲ್ಲವನ್ನೂ ಬರೆದಿಡಿ. ಕಂಪನಿಗಳು ತಾವು ಮಾರಿದ್ದನ್ನು ದಾಖಲಿಸುತ್ತವೆ, ಸರಕಾರ ನೋಂದಣಿಯನ್ನು ದಾಖಲಿಸುತ್ತದೆ. ನಡುವಿನ 20 ವರ್ಷ ಅದನ್ನು ಓಡುವಂತೆ ಇಟ್ಟವರ ಲೆಕ್ಕ ಯಾರ ಬಳಿಯೂ ಇಲ್ಲ. ಮುಂದೆ ಯಾರಾದರೂ ಈ ಕಾರಿನ ಚರಿತ್ರೆ ಬರೆಯಲು ಕೂತರೆ, ಎಣ್ಣೆ ಕಲೆಯ ಆ ನೋಟ್‌ಬುಕ್ಕೇ ಆಧಾರ.