ಹುಡುಕು ಫಲಿತಾಂಶದಲ್ಲೇ ಖರೀದಿ

ಅಂಗಡಿಯ ಜಾಲತಾಣಕ್ಕೆ ಹೋಗದೆ, ಸರ್ಚ್ ಎಂಜಿನ್ ತೋರಿಸುವ ಫಲಿತಾಂಶದಲ್ಲೇ ವಸ್ತುವನ್ನು ಆರಿಸಿ ಹಣ ಕಟ್ಟುವ ವ್ಯವಸ್ಥೆ. ಗೂಗಲ್ ಇದನ್ನು 2015ರಲ್ಲಿ ಅಮೆರಿಕದ ಮೊಬೈಲ್ ಜಾಹೀರಾತುಗಳಲ್ಲಿ ಪ್ರಯೋಗಿಸಿತು, 2018ರಲ್ಲಿ ‘ಶಾಪಿಂಗ್ ಆಕ್ಷನ್ಸ್’ ಹೆಸರಿನಲ್ಲಿ ವಿಸ್ತರಿಸಿತು. 2020ರಲ್ಲಿ ‘ಬೈ ಆನ್ ಗೂಗಲ್’ ಹೆಸರಿನ ಇದೇ ಸೇವೆ ಮಾರಾಟಗಾರರಿಗೆ ಕಮಿಷನ್ನನ್ನೇ ಮನ್ನಾ ಮಾಡಿತು. ಆದರೂ 2023ರ ಸೆಪ್ಟೆಂಬರ್‌ನಲ್ಲಿ ಸೇವೆ ನಿಂತಿತು. ಕಮಿಷನ್ ಹೋದ ಮೇಲೂ ಅದು ಉಳಿಯಲಿಲ್ಲವೆಂದರೆ, ತೊಡಕು ಬರೀ ಖರ್ಚಿನದಾಗಿರಲಿಲ್ಲ ಎಂದೇ ಹೇಳಬೇಕು. ವ್ಯಾಪಾರಿಗೆ ಒಂದು ಮಾರಾಟಕ್ಕಿಂತ ಗಿರಾಕಿಯ ಪರಿಚಯ ದೊಡ್ಡದು. ಹಣ ಕಟ್ಟುವ ಪುಟ ಬೇರೆಯವರ ಕೈಗೆ ಹೋದರೆ ಆ ಪರಿಚಯವೂ ಸಡಿಲವಾಗುತ್ತದೆ.

ಕೊಳ್ಳುವವರ ಅನುಕೂಲವೇ ಮುಖ್ಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಪುಟ್ಟ ಪರದೆಯಲ್ಲಿ ಕಾರ್ಡಿನ ಅಂಕಿಗಳನ್ನು ಒತ್ತುವುದು ನಿಜಕ್ಕೂ ಕಿರಿಕಿರಿ. ಆದರೆ ಡಿಜಿಟಲ್ ವಾಲೆಟ್‌ಗಳು ಆ ಕಷ್ಟವನ್ನು ಅಂಗಡಿಯ ಸ್ವಂತ ಪುಟದಲ್ಲೇ ಕಳೆದಿವೆ. ಹುಡುಕಾಟ, ಖರೀದಿ ಎರಡನ್ನೂ ಒಂದೆಡೆ ನಡೆಸುವ ಅಮೆಜಾನ್ ಗೆದ್ದಿಲ್ಲವೇ ಎಂದೂ ಕೇಳಬಹುದು. ಅದರ ಬೆನ್ನಿಗೆ ಗೋದಾಮು, ಸಾಗಣೆ, ವಾಪಸಾತಿ ಎಲ್ಲವೂ ಇವೆ. ಸರ್ಚ್ ಎಂಜಿನ್‌ಗೆ ಇವು ಬೇರೆಯವರ ಹೊಣೆ. 2025ರಲ್ಲಿ ಚಾಟ್‌ಜಿಪಿಟಿ ಅಮೆರಿಕದಲ್ಲಿ ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯ ಮಾರಾಟಗಾರರೊಂದಿಗೆ ಆರಂಭಿಸಿದ ಸಂಭಾಷಣೆಯೊಳಗಿನ ಖರೀದಿಯಲ್ಲೂ ಸರಕು ಕಳಿಸುವ ಭಾರ ಮಾರಾಟಗಾರರ ಮೇಲೆಯೇ ಇತ್ತು.