ಪುಸ್ತಕವೇ ಇಲ್ಲದ ‘ಲೈಬ್ರರಿ’ ಮತ್ತು ಧಾರವಾಡದ 130 ವರ್ಷಗಳ ಕಥೆ



ಧಾರವಾಡದ ಸಪ್ತಾಪುರದ ಕಡೆ ಓಡಾಡಿದವರಿಗೆ ಗೊತ್ತು. ಕೋಚಿಂಗ್ ಸೆಂಟರುಗಳ ನಡುವೆ ಅಲ್ಲಲ್ಲಿ ‘ಲೈಬ್ರರಿ’ ಅನ್ನೋ ಬೋರ್ಡು ಕಾಣುತ್ತೆ. ಒಳಗೆ ಹೋದರೆ ಸಣ್ಣ ಸಣ್ಣ ಕ್ಯಾಬಿನ್ನು, ಕುರ್ಚಿ, ಚಾರ್ಜಿಂಗ್ ಪಾಯಿಂಟು, ವೈಫೈ. ತಿಂಗಳಿಗಿಷ್ಟು ಅಂತ ಫೀ. ಪುಸ್ತಕ? ಅದನ್ನ ನೀವೇ ತರಬೇಕು. ಕೆಎಎಸ್, ಪಿಎಸ್‌ಐ ಅಂತ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗರು, ಹುಡುಗಿಯರು ಬೆಳಗಿನಿಂದ ರಾತ್ರಿತನಕ ಅಲ್ಲಿ ಕೂತು ಓದ್ತಾರೆ.

ಪುಸ್ತಕ ಇಲ್ಲದ್ದು ಎಂಥ ಲೈಬ್ರರಿ ಅಂತ ನಗೋದು ಸುಲಭ. ಆದರೆ ಈ ಊರಿನ ಇತಿಹಾಸ ನೋಡಿದರೆ ಒಂದು ಮಾತು ಗೊತ್ತಾಗುತ್ತೆ. ಆಯಾ ಕಾಲದಲ್ಲಿ ಓದುವವನಿಗೆ ಯಾವುದು ಸಿಗ್ತಿರಲಿಲ್ಲವೋ, ಅದನ್ನ ಒದಗಿಸೋದೇ ಗ್ರಂಥಾಲಯದ ಕೆಲಸ ಆಗಿತ್ತು. ಇವತ್ತಿನ ಕಂತಿನಲ್ಲಿ ಅದೇ ಕಥೆ.

ಮೊದಲು 1890ಕ್ಕೆ ಹೋಗೋಣ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಿಯ ಪ್ರಭಾವ ಜೋರಾಗಿತ್ತು. ಕನ್ನಡದಲ್ಲಿ ಓದೋಣ ಅಂದರೆ ಹೊಸ ಪುಸ್ತಕಗಳೇ ಕಡಿಮೆ. ಆ ವರ್ಷ ಜುಲೈ 20ರಂದು ರಾ.ಹ. ದೇಶಪಾಂಡೆ ಮತ್ತು ಅವರ ಜೊತೆಗಾರರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಕಪಾಟು ಮಾಡಿಸೋದು ದೊಡ್ಡ ಕೆಲಸ ಆಗಿರಲಿಲ್ಲ. ಕಪಾಟಿನಲ್ಲಿ ಇಡೋಕೆ ಪುಸ್ತಕ ಬೇಕಿತ್ತು. ಹಾಗಾಗಿ ಸಂಘ ಪುಸ್ತಕ ಬರೆಸಿತು, ಅಚ್ಚು ಹಾಕಿಸಿತು, ಒಳ್ಳೆ ಕೃತಿಗಳಿಗೆ ಬಹುಮಾನ ಕೊಟ್ಟಿತು. 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆ ಶುರುವಾಯಿತು.

1933ರಲ್ಲಿ ಇದೇ ಊರಲ್ಲಿ ಜಿ.ಬಿ. ಜೋಶಿ ಅವರ ಮನೋಹರ ಗ್ರಂಥಮಾಲೆ ಹುಟ್ಟಿತು. ಓದುಗರು ಚಂದಾದಾರರಾಗೋದು, ಪುಸ್ತಕ ಅವರಿಗೆ ತಲುಪೋದು. ಈಗ ನಾವು ಮೊಬೈಲ್‌ನಲ್ಲಿ ‘ಸಬ್‌ಸ್ಕ್ರೈಬ್’ ಒತ್ತುತ್ತೀವಲ್ಲ, ಆವತ್ತೇ ಅದು ಇಲ್ಲಿತ್ತು ನೋಡ್ರಿ. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಬಂತು. ಶಾಸನ, ತಾಳೆಗರಿಗಳನ್ನ ಹುಡುಕಿ ಕಾಪಾಡೋ ಕೆಲಸಕ್ಕೆ ಒಂದು ಮನೆ ಸಿಕ್ಕಿತು.

ಆ ಕಾಲದಲ್ಲಿ ಗ್ರಂಥಪಾಲಕ ಅಂದರೆ ಹೆಚ್ಚಾಗಿ ಕಾವಲುಗಾರ. ಪುಸ್ತಕ ಕಡಿಮೆ, ಬೆಲೆ ಜಾಸ್ತಿ. ಹೀಗಾಗಿ ಕಪಾಟಿಗೆ ಬೀಗ, ಬೀಗದ ಕೈ ಸೊಂಟದಲ್ಲಿ.

ಈ ಬೀಗ ತೆಗೆಸಿದ ಕಥೆಗೆ ಸ್ವಲ್ಪ ಹೊತ್ತು ಮದ್ರಾಸಿಗೆ ಹೋಗಬೇಕು. ಅಲ್ಲಿ ಕಾಲೇಜಿನಲ್ಲಿ ಗಣಿತ ಪಾಠ ಮಾಡ್ತಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಅವರಿಗೆ ಬೇಜಾರಾಗಿ, ವಾಪಸ್ ಪಾಠಕ್ಕೇ ಕಳಿಸಿ ಅಂತ ಕೇಳಿಕೊಂಡರು. ಮೊದಲು ಲಂಡನ್‌ಗೆ ಹೋಗಿ ಬನ್ನಿ, ಆಮೇಲೂ ಬೇಡ ಅನಿಸಿದರೆ ನೋಡೋಣ ಅಂತ ಉತ್ತರ ಬಂತು. ಲಂಡನ್‌ನಲ್ಲಿ ಅವರು ನೋಡಿದ್ದು ಕೂಲಿಯವರು, ಮಕ್ಕಳು, ಹೆಂಗಸರು ಎಲ್ಲರೂ ಬಳಸೋ ಗ್ರಂಥಾಲಯಗಳನ್ನ. ಅವರು ಮತ್ತೆ ಗಣಿತಕ್ಕೆ ಹೋಗಲೇ ಇಲ್ಲ. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಅದರ ಸಾರ ಇಷ್ಟೇ: ಪುಸ್ತಕ ಇರೋದು ಬೀಗ ಹಾಕಿಡೋಕಲ್ಲ. ಯಾರಿಗೆ ಯಾವ ಪುಸ್ತಕ ಬೇಕೋ ಅದು ಅವರ ಕೈ ಸೇರಬೇಕು, ಅದೂ ಅವರ ಟೈಮ್ ಹಾಳಾಗದ ಹಾಗೆ. ಗ್ರಂಥಾಲಯ ಬೆಳೀತಾ, ಬದಲಾಗ್ತಾ ಇರಬೇಕು.

ಈ ವಿಚಾರ ಕಾನೂನಾಗಿ ಧಾರವಾಡಕ್ಕೆ ಬರೋಕೆ ಇನ್ನೂ ಮೂರು ದಶಕ ಹಿಡಿಯಿತು. 1956ರಲ್ಲಿ ಏಕೀಕರಣ ಆಯಿತು, ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ರಂಗನಾಥನ್ ಅವರೂ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪಾಸಾಯಿತು. ಅದರ ಕರಡಿನ ಹಿಂದೆ ಅವರ ಶ್ರಮ ಇತ್ತು.

ಈ ಕಾಯ್ದೆಯ ಜೀವ ಇರೋದು ಒಂದು ಸಣ್ಣ ಪದದಲ್ಲಿ: ಸೆಸ್. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಸೆಸ್ ಕಟ್ಟಬೇಕು. ಈಗ ಅದು ಶೇ. 6. ಅಂದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿರೋ ಮನೆಗೆ 5,000 ರೂಪಾಯಿ ತೆರಿಗೆ ಇದ್ದರೆ, ಗ್ರಂಥಾಲಯಕ್ಕೆ ಅಂತ ಇನ್ನೂ 300 ರೂಪಾಯಿ. ದಾನಿಗಳ ದಯೆಯಿಂದ ನಡೀಬೇಕಿದ್ದ ಗ್ರಂಥಾಲಯ ಅವತ್ತಿನಿಂದ ನಮ್ಮ ಹಕ್ಕಾಯಿತು. ಬಾಡಿಗೆ ಮನೆಯವರೂ, ಹಾಸ್ಟೆಲ್ ಹುಡುಗರೂ ಬಾಡಿಗೆ ರೂಪದಲ್ಲಿ ಇದಕ್ಕೆ ಕೊಡ್ತಾನೇ ಇದ್ದಾರೆ.

ಹಕ್ಕು ಬಂದ ಮೇಲೆ ಕೆಲಸಗಾರರೂ ಬೇಕಲ್ಲ? 1960ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪಾಠ ಶುರುವಾಯಿತು. ವರ್ಗೀಕರಣ, ಸೂಚೀಕರಣ ಎಲ್ಲ ಕಲಿತವರು ಇಲ್ಲಿಂದ ಹೊರಬಂದರು. ಬೀಗದ ಕೈ ಹಿಡಿದಿದ್ದ ಕಾವಲುಗಾರ ಈಗ ದಾರಿ ತೋರಿಸೋ ಮನುಷ್ಯನಾದ.

ಈಗ ನಮ್ಮ ಕಾಲ. 2020ರಲ್ಲಿ ಗ್ರಂಥಾಲಯ ಇಲಾಖೆ ಡಿಜಿಟಲ್ ಲೈಬ್ರರಿ ಆರಂಭಿಸಿತು, ಕೆಲವೇ ದಿನಗಳಲ್ಲಿ ಲಾಕ್‌ಡೌನ್ ಬಂತು. ಕಟ್ಟಡಕ್ಕೆ ಬೀಗ ಬಿದ್ದಾಗ ಪುಸ್ತಕ ಫೋನಿಗೆ ಬಂತು. ಹಳ್ಳಿಗಳ ಗ್ರಂಥಾಲಯಗಳು ಅದಕ್ಕೂ ಮೊದಲು, 2019ರಲ್ಲಿ, ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋಗಿದ್ದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳ ಹೆಸರು ಅರಿವು ಕೇಂದ್ರ. ಅಲ್ಲಿನ ಮೇಲ್ವಿಚಾರಕರು ಪುಸ್ತಕ ಕೊಡೋದಷ್ಟೇ ಅಲ್ಲ, ಮಕ್ಕಳಿಗೆ ಕಥೆ ಹೇಳ್ತಾರೆ, ಕಂಪ್ಯೂಟರ್ ತೋರಿಸ್ತಾರೆ. ವರ್ಷಗಟ್ಟಲೆ ಸಣ್ಣ ಗೌರವಧನದ ಮೇಲೆ ದುಡಿದವರು ಇವರು.

ವಿಶ್ವವಿದ್ಯಾಲಯಗಳಲ್ಲೂ ಕೆಲಸ ಬದಲಾಗಿದೆ. ಪಿಎಚ್‌.ಡಿ. ಪ್ರಬಂಧವನ್ನ ‘ಶೋಧಗಂಗಾ’ಕ್ಕೆ ಏರಿಸೋದು, ಕೃತಿಚೌರ್ಯ ತಪಾಸಣೆ ಮಾಡೋದು, ಆನ್‌ಲೈನ್ ಜರ್ನಲ್‌ಗಳಲ್ಲಿ ಅಸಲಿ ಯಾವುದು, ದುಡ್ಡು ಕಿತ್ತುಕೊಳ್ಳೋ ನಕಲಿ ಯಾವುದು ಅಂತ ಹೇಳೋದು. ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ. ಎಐ ಚಾಟ್‌ಬಾಟ್‌ಗಳು ಇಲ್ಲದ ಪುಸ್ತಕದ ಹೆಸರು, ಇಲ್ಲದ ಲೇಖಕರ ಹೆಸರು ಹೇಳಿಬಿಡ್ತಾವೆ. ಓದುವವರು ಅದನ್ನೇ ಹಿಡಕೊಂಡು ಗ್ರಂಥಪಾಲಕರ ಹತ್ತಿರ ಬರ್ತಾರೆ. ಇಲ್ಲದ ಪುಸ್ತಕವನ್ನ ‘ಇದು ಇಲ್ಲ’ ಅಂತ ಧೈರ್ಯವಾಗಿ ಹೇಳೋದಕ್ಕೂ ತರಬೇತಿ ಬೇಕಲ್ರಿ!

ಅಂದರೆ 1890ರಲ್ಲಿ ಕೊರತೆ ಇದ್ದದ್ದು ಪುಸ್ತಕದ್ದು, 1965ರಲ್ಲಿ ಪ್ರವೇಶದ್ದು. ಇವತ್ತು ಎರಡು ಕೊರತೆ: ಶಾಂತವಾಗಿ ಕೂರೋ ಜಾಗ, ಮತ್ತು ನಂಬಬಹುದಾದ ಉತ್ತರ. ಸಪ್ತಾಪುರದ ಕ್ಯಾಬಿನ್ನು ಮೊದಲನೆಯದನ್ನ ಮಾರ್ತಾ ಇದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡನೆಯದು ಅಲ್ಲಿ ಸಿಗಲ್ಲ. ಯಾವ ಪುಸ್ತಕದ ಯಾವ ಆವೃತ್ತಿ ಓದಬೇಕು, ಈ ನೋಟ್ಸ್ ಸರಿಯೇ, ಈ ಅಂಕಿಅಂಶ ಎಲ್ಲಿಂದ ಬಂತು ಅಂತ ಕೇಳೋಕೆ ಅಲ್ಲಿ ಮನುಷ್ಯರಿಲ್ಲ.

ಚಿಂತೆಯ ವಿಷಯ ಏನಂದರೆ, ಸರ್ಕಾರಿ ಗ್ರಂಥಾಲಯದಲ್ಲೂ ಆ ಮನುಷ್ಯ ಇಲ್ಲದೇ ಹೋದರೆ? ಖಾಲಿ ಹುದ್ದೆ ತುಂಬಿ ಅನ್ನೋದು ಗ್ರಂಥಾಲಯ ವಿಜ್ಞಾನ ಓದಿದವರ ಹಳೇ ಬೇಡಿಕೆ. ಸೆಸ್ ಸಂಗ್ರಹಿಸಿದ ನಗರಸಂಸ್ಥೆಗಳು ಅದನ್ನ ಪೂರ್ತಿ ಇಲಾಖೆಗೆ ಕೊಡೋದಿಲ್ಲ ಅನ್ನೋ ದೂರೂ ಹಳೇದು. ತರಬೇತಿ ಪಡೆದವರಿಲ್ಲದ ಗ್ರಂಥಾಲಯ ಬರೀ ಕುರ್ಚಿಗಳ ಹಾಲ್ ಆಗುತ್ತೆ. ಕುರ್ಚಿಯ ಪೈಪೋಟಿಯಲ್ಲಿ ಎಸಿ ಇರೋ ಖಾಸಗಿ ಕ್ಯಾಬಿನ್ನೇ ಗೆಲ್ಲುತ್ತೆ. ಸೋಲೋದು ತಿಂಗಳ ಫೀ ಕಟ್ಟೋಕೆ ಆಗದ ಹುಡುಗಿ.

ಹಾಗಾಗಿ ಎರಡು ಕೆಲಸ. ಮನೆಯ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಸೆಸ್ ಎಷ್ಟಿದೆ ನೋಡಿ. ಆಮೇಲೆ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಅಲ್ಲಿರೋರಿಗೆ ನಿಮ್ಮ ಕಷ್ಟದ ಪ್ರಶ್ನೆ ಒಂದನ್ನ ಕೇಳಿ. ಕೇಳುವವರಿದ್ದರೆ ತಾನೇ ಉತ್ತರ ಹೇಳುವವರ ಹುದ್ದೆ ಉಳಿಯೋದು.

ಮುಂದಿನ ಕಂತಿನಲ್ಲಿ ಸಿಗೋಣ.